ಅರವತ್ತು ದಾಟಿದ ಎಲ್ಲರ ಮರೆವು ಪರೀಕ್ಷೆ ಮನೆಬಾಗಿಲಲ್ಲೇ ಆಗಬೇಕೆ?

ಪರ

‘ಅರವತ್ತಕ್ಕೆ ಅರಳುಮರಳು’ ಎಂದುಬಿಟ್ಟರೆ ಮುಂದೆ ಯಾರೂ ವಿಚಾರಿಸುವುದಿಲ್ಲ. ಮಲೆನಾಡಿನ ಒಂಟಿಮನೆಗಳಲ್ಲಂತೂ ಮಕ್ಕಳು ಬೆಂಗಳೂರಿನಲ್ಲಿ, ತೋಟದ ಮನೆಯಲ್ಲಿ ವಯಸ್ಸಾದವರಿಬ್ಬರೇ. ಒಬ್ಬರ ಮರೆವನ್ನು ಇನ್ನೊಬ್ಬರು ಸುಧಾರಿಸಿಕೊಂಡು ಹೋಗುತ್ತಾರೆ. ಹಬ್ಬಕ್ಕೆ ಬಂದ ಮಗನಿಗೆ ಗೊತ್ತಾಗುವಷ್ಟರಲ್ಲಿ ಎರಡು ಮೂರು ವರ್ಷ ಕೈಜಾರಿರುತ್ತದೆ. ಅದಕ್ಕೇ ಆಶಾ ಕಾರ್ಯಕರ್ತೆ ಮನೆಗೆ ಹೋಗಿ ನೋಡಬೇಕು.

ಮೆದುಳು ಸವೆದು ನೆನಪು ಅಳಿಸುತ್ತ ಹೋಗುವ ಆಲ್ಝೈಮರ್ ಕಾಯಿಲೆಗೆ ಮದ್ದಿಲ್ಲ, ಕಂಡುಹಿಡಿದು ಏನು ಮಾಡುವುದು ಎಂಬ ಮಾತಿದೆ. ಆದರೆ ಮರೆವೆಲ್ಲ ಆಲ್ಝೈಮರ್ ಅಲ್ಲ. ವಿಟಮಿನ್ ಬಿ12 ಕೊರತೆ (ಸಕ್ಕರೆ ಕಾಯಿಲೆಗೆ ವರ್ಷಗಟ್ಟಲೆ ಮೆಟ್‌ಫಾರ್ಮಿನ್ ನುಂಗುವವರಲ್ಲಿ ಇದು ಹೆಚ್ಚು), ಥೈರಾಯ್ಡ್, ಖಿನ್ನತೆ, ಶೀತಕ್ಕೆಂದು ತೆಗೆದುಕೊಳ್ಳುವ ಕ್ಲೋರ್‌ಫೆನಿರಮೈನ್ ಮಾತ್ರೆ, ಇವೆಲ್ಲ ಮಂಕು ಕವಿಸುತ್ತವೆ. ಪಾಚಿ ಕಟ್ಟಿದ ಅಂಗಳದಲ್ಲಿ ಜಾರಿ ತಲೆಗೆ ಸಣ್ಣ ಪೆಟ್ಟಾದರೂ ಮೆದುಳಿನ ಹೊದಿಕೆಯಡಿ ನಿಧಾನವಾಗಿ ರಕ್ತ ಸೇರಿ, ಕೆಲವು ವಾರಗಳ ಮೇಲೆ ಗೊಂದಲ ಶುರುವಾಗಬಹುದು. ಇವು ಸರಿಪಡಿಸಬಹುದಾದವು, ಕಾದರೆ ಕೆಡುವಂಥವು.

ವಿಧಾನ ಕಷ್ಟದ್ದಲ್ಲ. ಮಿನಿ-ಕಾಗ್ ಎಂಬ ಮರೆವು ಪರೀಕ್ಷೆಯಲ್ಲಿ ಮೂರು ಪದ ಹೇಳಿ, ಗಡಿಯಾರ ಬರೆಸಿ, ಆಮೇಲೆ ಪದಗಳನ್ನು ಕೇಳುತ್ತಾರೆ, ಮೂರೇ ನಿಮಿಷ. 5 ಅಂಕದಲ್ಲಿ 3ಕ್ಕಿಂತ ಕಡಿಮೆ ಬಂದರೆ ಮುಂದಿನ ತಪಾಸಣೆ. ಶಾಲೆ ಕಾಣದವರಿಗೆ ಗಡಿಯಾರ ಬೇಡ, ಕೆಲಸದ ಬಗ್ಗೆ ಮನೆಯವರನ್ನು ಕೇಳಬೇಕು. ಅಡಿಕೆಗೆ ರೋಗ ಬಾರದಂತೆ ಬೋರ್ಡೋ ದ್ರಾವಣ ಹೊಡೆಯಲು 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ, 100 ಲೀಟರ್ ನೀರು: ಇದನ್ನು ಆಯುಷ್ಯಪೂರ್ತಿ ಕಲಸಿದವರು ಈಗ ಸುಣ್ಣ ಹಾಕಿದ್ದೇನೋ ಇಲ್ಲವೋ ಎಂದು ಡ್ರಮ್ಮಿನ ಮುಂದೆ ನಿಂತುಬಿಟ್ಟರೆ, ಅದು ಕನ್ನಡಕ ಎಲ್ಲಿಟ್ಟೆ ಎಂಬ ಮರೆವಲ್ಲ.

ಆಲ್ಝೈಮರ್ರೇ ಆಗಿದ್ದರೂ, ಆಸ್ತಿ, ಬ್ಯಾಂಕು, ಮುಂದೆ ಯಾರ ಬಳಿ ಇರುವುದು ಎಂಬುದನ್ನು ಅವರೇ ಹೇಳುವಷ್ಟು ಬುದ್ಧಿ ತಿಳಿಯಾಗಿರುವಾಗಲೇ ಗೊತ್ತಾಗಬೇಡವೆ?

ವಿರೋಧ

ಲೆಕ್ಕ ಹಾಕಿ ನೋಡೋಣ. 60 ದಾಟಿದ ಭಾರತೀಯರಲ್ಲಿ ಶೇ. 7.4ರಷ್ಟು ಮಂದಿಗೆ ಡಿಮೆನ್ಷಿಯಾ (ನೆನಪು, ಬುದ್ಧಿ ಕುಗ್ಗುವ ಸ್ಥಿತಿ; ಆಲ್ಝೈಮರ್ ಇದರ ಮುಖ್ಯ ಕಾರಣ) ಇದೆ ಎಂದು 2023ರಲ್ಲಿ ಪ್ರಕಟವಾದ ರಾಷ್ಟ್ರಮಟ್ಟದ ಅಧ್ಯಯನ ಅಂದಾಜಿಸಿದೆ. ಊರಿನ 100 ಹಿರಿಯರಲ್ಲಿ 7 ಜನ ಎನ್ನೋಣ. ಪರೀಕ್ಷೆ ಶೇ. 85ರಷ್ಟು ನಿಖರ ಎಂದುಕೊಂಡರೂ ಆ 7ರಲ್ಲಿ 6 ಜನ ಸಿಗುತ್ತಾರೆ. ಉಳಿದ 93ರಲ್ಲಿ 14 ಜನರಿಗೆ ಸುಮ್ಮನೆ ಹಣೆಪಟ್ಟಿ. ಅನುಮಾನಕ್ಕೆ ಸಿಕ್ಕ 20 ಜನರಲ್ಲಿ 14 ಮಂದಿ ಆರೋಗ್ಯವಂತರು! ಅವರೆಲ್ಲ ಆಷಾಢದ ಮಳೆಯಲ್ಲಿ ಹೊಸನಗರದ ಮೂಲೆಯಿಂದ ಶಿವಮೊಗ್ಗಕ್ಕೆ ಬಸ್ಸು ಹಿಡಿಯಬೇಕು. ‘ಅಜ್ಜಯ್ಯನಿಗೆ ತಲೆ ಸರಿಯಿಲ್ಲವಂತೆ’ ಎಂಬ ಮಾತು ಅವರಿಗಿಂತ ಮೊದಲು ಊರು ತಲುಪುತ್ತದೆ, ತೋಟದ ಲೆಕ್ಕ ಅವರ ಕೈಯಿಂದ ತಪ್ಪುತ್ತದೆ.

ತಪ್ಪು ಉತ್ತರಕ್ಕೆ ಕಾರಣವೂ ಬೇರೆ ಇರುತ್ತದೆ. ತಗಡಿನ ಮಾಡಿನ ಮೇಲೆ ಮಳೆ ಸುರಿಯುವಾಗ ಕಿವಿ ಮಂದವಾದ ಅಜ್ಜಿಗೆ ಮೂರು ಪದ ಹೇಳಿದರೆ, ಅವರು ಮರೆಯುವುದಲ್ಲ, ಅವರಿಗೆ ಕೇಳಿಸಿರುವುದೇ ಇಲ್ಲ.

ಲಕ್ಷಣವಿಲ್ಲದ ಹಿರಿಯರೆಲ್ಲರನ್ನೂ ಹೀಗೆ ಪರೀಕ್ಷಿಸುವುದರಿಂದ ಲಾಭವಿದೆಯೆನ್ನಲು ಸಾಕ್ಷ್ಯ ಸಾಲದೆಂದು ಅಮೆರಿಕದ ತಜ್ಞರ ಕಾರ್ಯಪಡೆ 2020ರಲ್ಲಿ ಹೇಳಿದೆ. ಲೆಕಾನೆಮ್ಯಾಬ್‌ನಂಥ ಹೊಸ ಔಷಧಿ ಆಲ್ಝೈಮರ್ ಕಾಯಿಲೆಯ ಆರಂಭದ ಹಂತದ ಕುಸಿತವನ್ನು 18 ತಿಂಗಳಲ್ಲಿ ಶೇ. 27ರಷ್ಟು ನಿಧಾನಿಸಿತು, ನಿಜ. ಆದರೆ ಎರಡು ವಾರಕ್ಕೊಮ್ಮೆ ಡ್ರಿಪ್, ಪದೇ ಪದೇ ಎಂಆರ್‌ಐ, ಮೆದುಳಿನ ಬಾವು ಮತ್ತು ರಕ್ತಸ್ರಾವದ ಭಯ. ಇದು ಹಳ್ಳಿಯ ದಾರಿಯಲ್ಲ.

ಆಶಾ ಕಾರ್ಯಕರ್ತೆಯ ಸಮಯ ಕಾಯಿಲೆ ಬಾರದಂತೆ ತಡೆಯುವುದಕ್ಕೆ ಮೀಸಲಾಗಲಿ. ಡಿಮೆನ್ಷಿಯಾದ ಸುಮಾರು ಶೇ. 45 ಭಾಗ, ಬದಲಾಯಿಸಬಹುದಾದ 14 ಕಾರಣಗಳಿಗೆ ಸಂಬಂಧಿಸಿದ್ದು ಎಂದು ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯ ತಜ್ಞರ ಆಯೋಗದ 2024ರ ಲೆಕ್ಕ. ನಲವತ್ತರಿಂದಲೇ ರಕ್ತದೊತ್ತಡದ ಮೇಲಿನ ಅಂಕಿ 130 ದಾಟದಂತೆ ನೋಡಿಕೊಳ್ಳಬೇಕು. ಆಲ್ಝೈಮರ್ ಬರುವವರ ಮೆದುಳಿನಲ್ಲಿ ಅಮಿಲಾಯ್ಡ್ ಎಂಬ ಪ್ರೋಟೀನ್ ಕೂಡಲು ಶುರುವಾಗುವುದು ಲಕ್ಷಣಕ್ಕೆ 15-20 ವರ್ಷ ಮೊದಲು, ಅರವತ್ತರ ನಂತರ ಬಾಗಿಲು ತಟ್ಟುವುದೇ ತಡ. ಕಿವಿಯ ಗುಗ್ಗೆ ತೆಗೆಸಿ, ಬೇಕಿದ್ದವರಿಗೆ ಶ್ರವಣಯಂತ್ರ ಕೊಡಿಸಿ, ಕಣ್ಣಿನ ಪೊರೆ ತೆಗೆಸಿ, ಬೀಡಿ ಬಿಡಿಸಿ.

ಮನೆಯವರಿಗೇ ಅನುಮಾನ ಬಂದವರ ವಿಷಯ ಬೇರೆ. ಅವರನ್ನು ತಡಮಾಡದೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರೆದೊಯ್ಯಬೇಕು. ಹೋಗುವಾಗ ಮನೆಯಲ್ಲಿರುವ ಮಾತ್ರೆಪಟ್ಟಿಗಳನ್ನೆಲ್ಲ, ಅಂಗಡಿಯಿಂದ ತಂದ ನೆಗಡಿ ಮಾತ್ರೆಯನ್ನೂ ಸೇರಿಸಿ, ಒಂದು ಚೀಲದಲ್ಲಿ ತರಲಿ.