ತಿಂಡಿ ಉರಿದರೆ ಅದರಲ್ಲಿ ಪ್ಲಾಸ್ಟಿಕ್ ಇದೆ ಅಂತಲ್ಲ

ಕುರುಕಲು ತಿಂಡಿಗೆ ಕಡ್ಡಿ ಗೀರಿ ಹಚ್ಚಿ, "ನೋಡಿ, ಹೇಗೆ ಉರೀತಿದೆ, ಇದರಲ್ಲಿ ಪ್ಲಾಸ್ಟಿಕ್ ಇದೆ" ಅನ್ನೋ ವಿಡಿಯೋ ನಿಮಗೂ ಬಂದಿರಬೇಕು. ಉರಿಯುವುದು ಹಿಟ್ಟು ಮತ್ತು ಎಣ್ಣೆ. ಎರಡರಲ್ಲೂ ಇಂಗಾಲ, ಹೈಡ್ರೋಜನ್ ಇವೆ, ಸಾಕಷ್ಟು ಬಿಸಿಯಾದರೆ ಗಾಳಿಯ ಆಮ್ಲಜನಕದ ಜೊತೆ ಸೇರಿ ಹೊತ್ತಿಕೊಳ್ಳುತ್ತವೆ. ದೇವರ ದೀಪದ ಎಣ್ಣೆ ಉರಿಯುವುದೂ ಹೀಗೇ ಅಲ್ವಾ? ಉಪ್ಪು, ಎಣ್ಣೆ ಜಾಸ್ತಿ ಅಂತ ಮಕ್ಕಳಿಗೆ ಕಡಿಮೆ ಕೊಡಿ, ಅದು ಸರಿಯಾದ ಕಾರಣ. ಪ್ಲಾಸ್ಟಿಕ್ ಇಲ್ಲದೆಯೂ ತಿನ್ನೋ ಪದಾರ್ಥ ಉರಿಯುತ್ತೆ ಅಂತ ನೋಡಬೇಕಿದ್ದರೆ ಕಡಲೆಕಾಯಿ ಬೀಜವೊಂದನ್ನು ಸೂಜಿಗೆ ಚುಚ್ಚಿ ಹಚ್ಚಿ (ದೊಡ್ಡವರು ಜೊತೆಗಿರಲಿ). ಅದರ ತೂಕದಲ್ಲಿ ಹೆಚ್ಚುಕಡಿಮೆ ಅರ್ಧ ಎಣ್ಣೆಯೇ. ಮೊದಲು ಚಟಪಟ ಸದ್ದು, ಆಮೇಲೆ ಹಳದಿ ಜ್ವಾಲೆ, ತುದಿಯಲ್ಲಿ ಕಪ್ಪು ಹೊಗೆ, ಕೊನೆಗೆ ಸೂಜಿಯ ಮೇಲೆ ಇದ್ದಿಲಿನ ತುಂಡು. ಪಾಲಿಥೀನ್ ಕವರ್ ಹಾಗಲ್ಲ, ಅದು ಕರಗಿ ಹನಿಹನಿಯಾಗಿ ತೊಟ್ಟಿಕ್ಕುತ್ತದೆ, ಹೀಗೆ ಇದ್ದಿಲಾಗಿ ನಿಲ್ಲುವುದಿಲ್ಲ.