ನೆಮ್ಮದಿಗೂ ತ್ರೀ-ಫೇಸ್ ಬೇಕು

ಸ್ಪಾ ತೆರೆಯಲು ಹೊರಟವರು ಮೊದಲು ಕೊಳ್ಳುವುದು ಬುದ್ಧನ ವಿಗ್ರಹ, ಕೊನೆಗೆ ನೆನಪಾಗುವುದು ಮೋರಿ. ಬುದ್ಧನಿಂದ ಯಾರೂ ಮುಳುಗಿಲ್ಲ. ಮುಳುಗಿಸುವುದು ಮೋರಿ, ಗೀಸರ್ ಮತ್ತು ಟವೆಲ್.

ಮೂರು ಮಸಾಜ್ ಕೋಣೆಯ ಪುಟ್ಟ ಸ್ಪಾಗೆ ಬೆಂಗಳೂರಿನಲ್ಲಿ ಸಾವಿರ, ಸಾವಿರದ ಇನ್ನೂರು ಚದರಡಿ ಸಾಕು. ಒಂದೊಂದು ಕೋಣೆ 10 ಅಡಿಗೆ 12 ಅಡಿ ಇದ್ದರೆ ಥೆರಪಿಸ್ಟ್ ಮಂಚದ ಸುತ್ತ ಸಲೀಸಾಗಿ ಓಡಾಡಬಹುದು. 'ಸ್ವಲ್ಪ ಅಡ್ಜಸ್ಟ್ ಮಾಡಿದರೆ ನಾಲ್ಕನೇ ರೂಮೂ ಬರುತ್ತೆ ಸಾರ್' ಎಂದು ಇಂಟೀರಿಯರ್‌ನವರು ಹೇಳಿಯೇ ಹೇಳುತ್ತಾರೆ. ಬರುತ್ತದೆ ನಿಜ. ಆಮೇಲೆ ಥೆರಪಿಸ್ಟ್ ಗೋಡೆಗೆ ಬೆನ್ನು ಉಜ್ಜಿಕೊಂಡೇ ಸರಿಯಬೇಕು. ಮಸಾಜ್ ಇಬ್ಬರಿಗೂ ಆಗುತ್ತದೆ, ದುಡ್ಡು ಒಬ್ಬರದ್ದೇ ಬರುತ್ತದೆ.

ಜಾಗ ನೋಡಲು ಎಲ್ಲರೂ ಮಧ್ಯಾಹ್ನ ಮೂರಕ್ಕೆ ಹೋಗುತ್ತಾರೆ. ಆಗ ಮೇಲಿನ ಮಹಡಿಯ ಜಿಮ್ ಖಾಲಿ. ಸಂಜೆ ಏಳಕ್ಕೆ ಹೋಗಿ ನಿಂತು ನೋಡಬೇಕು. ಗಿರಾಕಿ ಕಣ್ಣು ಮುಚ್ಚುವ ಹೊತ್ತಿಗೆ ಸರಿಯಾಗಿ ತಲೆಯ ಮೇಲೆ ಯಾರೋ ಅರವತ್ತು ಕೆಜಿ ಎತ್ತಿ ಕೈಬಿಡುತ್ತಾರೆ. ದರ್ಶಿನಿಯ ಮೇಲಿನ ಮಹಡಿ ಹಿಡಿದವರ ಕಷ್ಟ ಬೇರೆ. ಲ್ಯಾವೆಂಡರ್‌ಗೂ ಇಂಗಿನ ಒಗ್ಗರಣೆಗೂ ಪೈಪೋಟಿ ಬಿದ್ದರೆ ಗೆಲ್ಲುವುದು ಒಗ್ಗರಣೆಯೇ. ಅರ್ಧ ಮಸಾಜಿನಲ್ಲೇ ಗಿರಾಕಿಗೆ ಹಸಿವಾಗಿ, ಇನ್ನೆಷ್ಟು ಹೊತ್ತು ಎಂದು ಕೇಳುತ್ತಾರೆ.

ಕೋಣೆಗಳ ನಡುವಿನ ಜಿಪ್ಸಮ್ ಗೋಡೆಯನ್ನು ಫಾಲ್ಸ್ ಸೀಲಿಂಗಿಗೆ ತಾಗಿಸಿ ನಿಲ್ಲಿಸಿಬಿಡುವುದು ರೂಢಿ. ಸದ್ದು ಸೀಲಿಂಗ್ ಹತ್ತಿ ಪಕ್ಕದ ಕೋಣೆಗೆ ಇಳಿಯುತ್ತದೆ, ಒಂದರಲ್ಲಿ ಗೊರಕೆ ಹೊಡೆದರೆ ಮೂರಕ್ಕೂ ಹಂಚಿಕೆಯಾಗುತ್ತದೆ. ಗೋಡೆಯನ್ನು ಮೇಲಿನ ಆರ್‌ಸಿಸಿ ಸ್ಲ್ಯಾಬ್‌ವರೆಗೂ ಎತ್ತಿಸಿ, ಒಳಗೆ ಸದ್ದು ಹೀರುವ ರಾಕ್‌ವೂಲ್ ತುಂಬಿಸಬೇಕು.

ಇನ್ನು ಸ್ಟೀಮ್ ರೂಮ್. 6 ಅಡಿ ಉದ್ದ, 5 ಅಡಿ ಅಗಲ, 8 ಅಡಿ ಎತ್ತರದ ಪುಟ್ಟ ಗೂಡಿಗೇ ಆವಿ ಎಬ್ಬಿಸಲು 6 ಕಿಲೋವ್ಯಾಟಿನ ಸ್ಟೀಮ್ ಜನರೇಟರ್ ಬೇಕು. ಅದರ ಜೊತೆಗೆ ಗೀಸರ್‌ಗಳು, ನಾಲ್ಕು ಎಸಿ, ಬಟ್ಟೆ ಒಣಗಿಸುವ ಡ್ರೈಯರ್ ಎಲ್ಲವನ್ನೂ ಕೂಡಿದರೆ ಲೆಕ್ಕ 18ರಿಂದ 20 ಕಿಲೋವ್ಯಾಟಿಗೆ ಹೋಗುತ್ತದೆ. ತ್ರೀ-ಫೇಸ್ ಕನೆಕ್ಷನ್ ಇದೆಯೇ, ಮಂಜೂರಾದ ಲೋಡ್ ಎಷ್ಟು ಎಂಬುದನ್ನು ಅಗ್ರಿಮೆಂಟಿಗೆ ಸಹಿ ಹಾಕುವ ಮೊದಲೇ ಕರೆಂಟ್ ಬಿಲ್ಲಿನಲ್ಲಿ ನೋಡಿಕೊಳ್ಳಿ. ಇಲ್ಲದಿದ್ದರೆ ಸ್ಟೀಮ್ ಹಾಕಿದೊಡನೆ ಎಂಸಿಬಿ ಟ್ರಿಪ್ ಆಗಿ, ಟವೆಲ್ ಸುತ್ತಿಕೊಂಡ ದೊಡ್ಡ ಮನುಷ್ಯರೊಬ್ಬರು ಕತ್ತಲಲ್ಲಿ ಬಾಗಿಲು ತಡಕುತ್ತಾರೆ. ಆ ಬಾಗಿಲು ಹೊರಕ್ಕೇ ತೆರೆಯಬೇಕು. ಚಿಲಕ ಇರಲೇಕೂಡದು.

ಸ್ಟೀಮ್ ರೂಮಿನ ಚಾವಣಿ ಸಪಾಟಾಗಿದ್ದರೆ ಆವಿ ನೀರಾಗಿ, ಗಿರಾಕಿ ಹಾಯಾಗಿ ಕೂತಾಗ ನಡುನೆತ್ತಿಗೇ ತಣ್ಣಗೆ ತೊಟ್ಟಿಕ್ಕುತ್ತದೆ. ಅಡಿಗೆ 2 ಇಂಚಿನಂತೆ ಇಳಿಜಾರು ಕೊಟ್ಟರೆ ಹನಿ ಗೋಡೆ ಹಿಡಿದು ಇಳಿಯುತ್ತದೆ. ಬೋರ್‌ವೆಲ್ ನೀರಾದರೆ ಇನ್ನೊಂದು ತಾಪತ್ರಯ, ಸ್ಟೀಮ್ ಜನರೇಟರಿನ ಎಲಿಮೆಂಟಿಗೆ ಬಿಳಿ ಸುಣ್ಣ ಕಟ್ಟುತ್ತದೆ. ಸಾಫ್ಟ್‌ನರ್ ಹಾಕಿಸಿ, ದಿನಾ ಜನರೇಟರಿನ ಟ್ಯಾಂಕ್ ಖಾಲಿ ಮಾಡಿ, ಆಗಾಗ ಸಿಟ್ರಿಕ್ ಆಸಿಡ್ ಹಾಕಿ ತೊಳೆಯಬೇಕು.

ಹಣೆಗೆ ಎಣ್ಣೆಯ ಧಾರೆ ಬಿಡುವ ಶಿರೋಧಾರಾ ಇಡುವ ಆಸೆ ಇದ್ದರೆ ಮೊದಲು ಮೆಟ್ಟಿಲಿನ ತಿರುವು ಅಳೆಯಿರಿ. ಗಿರಾಕಿಯನ್ನು ಮಲಗಿಸುವ ಮರದ ದ್ರೋಣಿ ಏಳಡಿಗೂ ಉದ್ದ, ನಾಲ್ಕು ಜನ ಹೊರುವ ಭಾರ. ಲಿಫ್ಟಿಗೆ ಹಿಡಿಸದೆ ಮೊದಲ ಮಹಡಿಯ ತಿರುವಿನಲ್ಲಿ ಸಿಕ್ಕಿಕೊಂಡರೆ ಮೇಲೂ ಹೋಗದು, ಕೆಳಗೂ ಬಾರದು. ಒಬ್ಬರಿಗೆ ಒಂದೂವರೆಯಿಂದ ಎರಡು ಲೀಟರ್ ಎಣ್ಣೆ, ಹಣೆಯಿಂದ ನಾಲ್ಕು ಬೆರಳು ಎತ್ತರದಿಂದ, ಅರ್ಧ ಮುಕ್ಕಾಲು ಗಂಟೆ ಧಾರೆ. ಒಬ್ಬರ ತಲೆಯಿಂದ ಇಳಿದ ಎಣ್ಣೆ ಇನ್ನೊಬ್ಬರ ತಲೆಗೆ ಏರಬಾರದು. ರೇಟ್ ಕಾರ್ಡ್ ಬರೆಯುವಾಗ ಎಣ್ಣೆಯ ಬೆಲೆ ಮರೆತವರು ಮಾತ್ರ ಬೇರೆ ಥರ ಯೋಚಿಸುತ್ತಾರೆ. ಬೋರ್ಡಿನಲ್ಲಿ 'ಬೆನ್ನುನೋವು ಗುಣಪಡಿಸಲಾಗುವುದು' ಎಂದು ಬರೆಸುವ ಉತ್ಸಾಹವೂ ಬೇಡ. ಹಾಗೆ ಬರೆದರೆ ಅದು ಚಿಕಿತ್ಸೆ. ಆಯುರ್ವೇದ ವೈದ್ಯರು ಬೇಕು, 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ (ಕೆಪಿಎಂಇ) ಕಾಯ್ದೆಯಡಿ ನೋಂದಣಿ ಬೇಕು.

ಎಣ್ಣೆ ಹಚ್ಚಿದ ಮೈಗೆ ಸ್ನಾನವಾಗಬೇಕು. ಇಬ್ಬರು ಒಟ್ಟಿಗೆ ಎದ್ದರೆ 15 ಲೀಟರಿನ ಗೀಸರ್ ಮೊದಲನೆಯವರಿಗೇ ಮುಗಿಯುತ್ತದೆ. ಎರಡನೆಯವರ ಕೂಗು ರಿಸೆಪ್ಶನ್ನಿನ ಕೊಳಲಿನ ಸಂಗೀತವನ್ನೂ ಮೀರಿ ಕೇಳಿಸುತ್ತದೆ. ಬಾತ್‌ರೂಮಿಗೊಂದು 25 ಲೀಟರಿನದು ಹಾಕಿಸಿಬಿಡಿ. ಜಿಡ್ಡು ತೆಗೆಯಲು ಕಡಲೆಹಿಟ್ಟೋ ಸೀಗೆಪುಡಿಯೋ ಕೊಡುವುದು ನಮ್ಮ ಕಡೆಯ ಪದ್ಧತಿ, ಮೈಗೂ ಒಳ್ಳೆಯದು. ಆದರೆ ಹಿಟ್ಟು, ಎಣ್ಣೆ, ಕೂದಲು ಸೇರಿ ಪೈಪಿನಲ್ಲಿ ಕೂತರೆ ಮೂರನೇ ವಾರಕ್ಕೆ ನೀರು ವಾಪಸ್. ಜಾಲರಿಯೂ ಗ್ರೀಸ್ ಟ್ರ್ಯಾಪೂ ಇರಲಿ, ಅದನ್ನು ವಾರಕ್ಕೊಮ್ಮೆ ಬಳಿಯುವವರು ಯಾರು ಎಂಬುದು ಉದ್ಘಾಟನೆಗೆ ಮೊದಲೇ ತೀರ್ಮಾನವಾಗಿರಲಿ.

ಟವೆಲ್ ವಿಷಯಕ್ಕೆ ಬಂದರೆ ಸ್ಪಾ ಎಂಬುದು ಅಸಲಿಗೆ ಬಟ್ಟೆ ಒಗೆಯುವ ಕಸುಬು, ಮಧ್ಯೆ ಮಧ್ಯೆ ಮಸಾಜೂ ಮಾಡುತ್ತಾರೆ ಅಷ್ಟೆ. ಒಬ್ಬ ಗಿರಾಕಿಗೆ ಬೆಡ್‌ಶೀಟ್, ಎರಡು ದೊಡ್ಡ ಟವೆಲ್, ಮುಖಕ್ಕೊಂದು, ಕಾಲಿಗೊಂದು ಎಂದು ಐದು ಬಟ್ಟೆ. ದಿನಕ್ಕೆ ಹನ್ನೆರಡು ಜನ ಬಂದರೆ ಅರವತ್ತು. ಬಳಕೆಯಲ್ಲೊಂದು, ಒಗೆತದಲ್ಲೊಂದು, ಕಪಾಟಿನಲ್ಲೊಂದು ಎಂದು ಮೂರು ಸೆಟ್ ಬೇಕು, ಮಳೆಗಾಲಕ್ಕೆ ನಾಲ್ಕು. ತಣ್ಣೀರಿನಲ್ಲಿ ಒಗೆದರೆ ಎಣ್ಣೆ ಹೋಗದು, ನಾಲ್ಕು ದಿನಕ್ಕೆ ಕಮಟು ವಾಸನೆ ಶುರು. 60 ಡಿಗ್ರಿ ನೀರು, ಜೊತೆಗೆ ವಾಷಿಂಗ್ ಸೋಡಾ. ಚಾಕೊಲೇಟ್ ಬಣ್ಣದ ಟವೆಲ್ ಕಲೆ ಮುಚ್ಚುತ್ತದೆಯೇ ಹೊರತು ವಾಸನೆಯನ್ನಲ್ಲ.

ಒಂದು ಅಪಾಯ ಮಾತ್ರ ನಗುವಂಥದ್ದಲ್ಲ. ಸರಿಯಾಗಿ ಜಿಡ್ಡು ಹೋಗದ ಟವೆಲ್‌ಗಳನ್ನು ಡ್ರೈಯರ್‌ನಿಂದ ಬಿಸಿಬಿಸಿ ತೆಗೆದು, ಮಡಿಸಿ, ಒತ್ತಾಗಿ ಪೇರಿಸಿಟ್ಟರೆ ಉಳಿದ ಎಣ್ಣೆ ಗಾಳಿಯೊಂದಿಗೆ ವರ್ತಿಸಿ ಒಳಗೊಳಗೇ ಕಾವೇರುತ್ತದೆ. ಕಿಡಿ ಇಲ್ಲದೆಯೇ, ಅಂಗಡಿ ಮುಚ್ಚಿ ಎಲ್ಲರೂ ಮನೆಗೆ ಹೋದ ಮೇಲೆ, ಹೊತ್ತಿಕೊಳ್ಳಬಹುದು. ಎಳ್ಳೆಣ್ಣೆಯಂಥವು ಇದಕ್ಕೆ ಹೇಳಿ ಮಾಡಿಸಿದ್ದು. ಡ್ರೈಯರ್‌ನ ಕೂಲ್-ಡೌನ್ ಮುಗಿಯುವವರೆಗೂ ಕಾಯಿರಿ, ಹರಡಿ ಆರಿಸಿ, ಆಮೇಲೆ ಮಡಿಸಿ.

ಹಣದ ಲೆಕ್ಕ ಮಾಡುವಾಗ ಎಲ್ಲರೂ ಹತ್ತು ಗಂಟೆ, ಮೂರು ಕೋಣೆ, ಮೂವತ್ತು ಗಿರಾಕಿ ಎಂದು ಗುಣಿಸುತ್ತಾರೆ. ಒಂದು ಗಂಟೆಯ ಮಸಾಜು ಕೋಣೆಯ ತೊಂಬತ್ತು ನಿಮಿಷ ತಿನ್ನುತ್ತದೆ, ಒಬ್ಬ ಥೆರಪಿಸ್ಟ್ ಕೈ ದಿನಕ್ಕೆ ಐದು ಮಸಾಜ್ ತಡೆದರೆ ಹೆಚ್ಚು. ಭಾನುವಾರ ಹನ್ನೊಂದಕ್ಕೆ ಎಲ್ಲರಿಗೂ ಸ್ಲಾಟ್ ಬೇಕು, ಮಂಗಳವಾರ ಬುದ್ಧನೊಬ್ಬನೇ. 22 ಸೆಪ್ಟೆಂಬರ್ 2025ರಿಂದ ಸ್ಪಾ ಸೇವೆಗೆ ಜಿಎಸ್‌ಟಿ 18ರಿಂದ 5 ಪರ್ಸೆಂಟಿಗೆ ಇಳಿದಿದೆ ಎಂದು ಕುಣಿಯುವವರು ಪೂರ್ತಿ ಓದಿರುವುದಿಲ್ಲ. ಇನ್‌ಪುಟ್ ಕ್ರೆಡಿಟ್ ಇಲ್ಲ. ಎಸಿ, ಸ್ಟೀಮ್ ಮೆಷಿನಿನ ಮೇಲೆ ಕಟ್ಟಿದ ತೆರಿಗೆ ವಾಪಸ್ ಬಾರದು, ಅದನ್ನು ಖರ್ಚಿಗೇ ಸೇರಿಸಿಕೊಳ್ಳಬೇಕು.

ಇನ್ನು ಉದ್ಘಾಟನೆ. ನೆಂಟರಿಷ್ಟರನ್ನು ಕರೆಯುತ್ತೀರಿ, ಹೋಳಿಗೆ ಊಟ ಹಾಕಿಸುತ್ತೀರಿ, ಊಟವಾದೊಡನೆ 'ಫ್ರೀ ಮಸಾಜ್ ಎಲ್ಲಪ್ಪಾ?' ಎಂಬ ಪ್ರಶ್ನೆ ಏಳುತ್ತದೆ. ತುಂಬಿದ ಹೊಟ್ಟೆಯ ಮೇಲೆ ಬೋರಲು ಮಲಗಿಸಿ ಬೆನ್ನು ಒತ್ತಿದರೆ ಏನಾಗುತ್ತದೆಂದು ವಿವರಿಸಬೇಕಿಲ್ಲ, ಹೊಸ ಟವೆಲ್‌ಗಳೆಲ್ಲ ಮೊದಲ ದಿನವೇ ಒಗೆತಕ್ಕೆ ಬೀಳುತ್ತವೆ. ಊಟಕ್ಕೂ ಮಸಾಜಿಗೂ ಎರಡು ಗಂಟೆ ಅಂತರ ಬೇಕು. ಹಾಗಾಗಿ ಹೋಳಿಗೆ ಬಡಿಸುವುದನ್ನು ಕೊನೆಗೆ ಇಟ್ಟುಕೊಳ್ಳಿ.