ಮೌಸ್ ಬದಿಗಿಟ್ಟು ನಿಮ್ಮ ಪುಟವನ್ನೊಮ್ಮೆ ತೆರೆಯಿರಿ

ವೆಬ್‌ಸೈಟ್ ಕಟ್ಟುವ ಕೆಲಸದಲ್ಲಿ ಹಲವು ವರ್ಷ ಕಳೆದ ಮೇಲೆ, ಕಣ್ಣು ಕಾಣದ ಗೆಳೆಯನೊಬ್ಬನ ಪಕ್ಕದಲ್ಲಿ ಕುಳಿತು, ನಾನೇ ಬರೆದ ಫಾರ್ಮೊಂದನ್ನು ಅವನು ತುಂಬುವುದನ್ನು ಮೊದಲ ಬಾರಿಗೆ ಗಮನಿಸಿದೆ. ಪರದೆಯ ಮೇಲಿರುವುದನ್ನು ಓದಿ ಹೇಳುವ ಅವನ ಸ್ಕ್ರೀನ್ ರೀಡರ್ ಒಂದೊಂದು ಖಾನೆಗೆ ಬಂದಾಗಲೂ "ಎಡಿಟ್, ಬ್ಲ್ಯಾಂಕ್" ಎಂದಷ್ಟೇ ಹೇಳುತ್ತಿತ್ತು. ಹೆಸರು ಯಾವುದು, ಫೋನ್ ನಂಬರ್ ಯಾವುದು ಎಂಬುದು ಪರದೆಯ ಮೇಲೆ ಅಚ್ಚುಕಟ್ಟಾಗಿ ಬರೆದಿದ್ದರೂ, ಆ ಬರಹಕ್ಕೂ ಖಾನೆಗೂ ಕೋಡ್‌ನಲ್ಲಿ ನಾನು ಯಾವ ಸಂಬಂಧವನ್ನೂ ಕಲ್ಪಿಸಿರಲಿಲ್ಲ. ಹೇಗೋ ಊಹಿಸಿ ಎಲ್ಲವನ್ನೂ ತುಂಬಿ, ಟ್ಯಾಬ್ ಕೀಯನ್ನು ಮತ್ತೆ ಮತ್ತೆ ಒತ್ತಿ, ಕೊನೆಗೆ ಅವನು ಕೇಳಿದ: "ಸಬ್‌ಮಿಟ್ ಮಾಡೋದು ಎಲ್ಲೋ?" ಬಟನ್ ನನ್ನ ಕಣ್ಣೆದುರಿಗೇ ಇತ್ತು. ಆದರೆ ಅದು ಬಣ್ಣ ಬಳಿದು ಬಟನ್‌ನಂತೆ ಕಾಣಿಸಿದ್ದ ಬರೀ ಒಂದು ಡಿವ್ (ತನ್ನದೇ ಆದ ಕೆಲಸವಿಲ್ಲದ ಚೌಕಟ್ಟು) ಆಗಿದ್ದರಿಂದ ಕೀಬೋರ್ಡಿಗೆ ಸಿಗುತ್ತಲೇ ಇರಲಿಲ್ಲ.

ವೆಬ್ ಪುಟ ಬರೆಯುವ ಭಾಷೆಯಾದ ಎಚ್‌ಟಿಎಂಎಲ್‌ನಲ್ಲಿರುವ ನಿಜವಾದ ಬಟನ್ ಟ್ಯಾಗ್ ಬಳಸಿದ್ದರೆ ಟ್ಯಾಬ್‌ಗೆ ಸಿಗುವುದು, ಎಂಟರ್ ಅಥವಾ ಸ್ಪೇಸ್ ಒತ್ತಿದರೆ ಕೆಲಸ ಮಾಡುವುದು, ತಾನು ಬಟನ್ ಎಂದು ಸ್ಕ್ರೀನ್ ರೀಡರ್‌ಗೆ ತಿಳಿಸುವುದು, ಇಷ್ಟೂ ತಾನಾಗಿಯೇ ಬರುತ್ತಿತ್ತು. ಬ್ರೌಸರ್ ಕೊಟ್ಟದ್ದನ್ನು ಕಿತ್ತುಹಾಕಿದವನು ನಾನು. ಟ್ಯಾಬ್ ಒತ್ತಿದಾಗ ಎಲ್ಲಿದ್ದೇವೆಂದು ತೋರಿಸುವ ಗೆರೆಯನ್ನು ಅಂದ ಕೆಡುತ್ತದೆಂದು ತೆಗೆದುಹಾಕುವುದೂ ಇದೇ ಬಗೆಯ ತಪ್ಪು. ಕೈ ನಡುಗುವುದರಿಂದ ಮೌಸ್ ಹಿಡಿಯಲಾಗದೆ ಕೀಬೋರ್ಡನ್ನೇ ನಂಬಿದವರಿಗೆ ಆ ಗೆರೆಯೇ ದಾರಿ. ಧ್ವನಿಯಿಂದ ಕಂಪ್ಯೂಟರ್ ನಡೆಸುವವರು ಬಟನ್ ಮೇಲೆ ಕಾಣುವ ಪದವನ್ನೇ ಉಚ್ಚರಿಸುತ್ತಾರೆ. ಕೋಡ್‌ನಲ್ಲಿ ಅದಕ್ಕೆ ಬೇರೆ ಹೆಸರಿಟ್ಟಿದ್ದರೆ ಅವರ ಮಾತು ಅಲ್ಲಿಗೆ ತಲುಪದೇ ಹೋಗಬಹುದು.

ಇವೆಲ್ಲ ಹೊಸದಾಗಿ ಕಂಡುಹಿಡಿಯಬೇಕಾದ ಸಂಗತಿಗಳಲ್ಲ. ಅಂಗವೈಕಲ್ಯ ಇರುವವರೂ ವೆಬ್ ಬಳಸುವಂತಾಗಲೆಂದು, ವೆಬ್‌ನ ಮಾನದಂಡಗಳನ್ನು ರೂಪಿಸುವ ಡಬ್ಲ್ಯು3ಸಿ ಸಂಸ್ಥೆ ಹೊರತಂದ ಮಾರ್ಗಸೂಚಿ ಮೊದಲು ಬಂದದ್ದು 1999ರಲ್ಲಿ. 2023ರಲ್ಲಿ ಬಂದ 2.2 ಆವೃತ್ತಿಯವರೆಗೆ ಅದು ಬೆಳೆಯುತ್ತಲೇ ಬಂದಿದೆ. ಅದರ ಮೂರು ಮಟ್ಟಗಳಲ್ಲಿ ನಡುವಿನದಾದ ಎಎ ಮಟ್ಟ ಮುಟ್ಟಲು ಸಾಮಾನ್ಯ ಗಾತ್ರದ ಅಕ್ಷರಕ್ಕೂ ಹಿನ್ನೆಲೆಗೂ ಕನಿಷ್ಠ 4.5:1ರ ಕಾಂಟ್ರಾಸ್ಟ್ (ಹೊಳಪಿನ ವ್ಯತ್ಯಾಸ) ಬೇಕು. ಬಿಳಿಯ ಮೇಲೆ ತಿಳಿಬೂದು ಅಕ್ಷರಗಳನ್ನು ಇಷ್ಟಪಡುವ ಡಿಸೈನರ್‌ಗಳು ಈ ಒಂದು ಅಂಕಿಯನ್ನಾದರೂ ನೆನಪಿಡಬೇಕೆಂದು ನನ್ನ ಕಳಕಳಿಯ ವಿನಂತಿ.

ಆದರೆ ಪಟ್ಟಿ ಹಿಡಿದು ಕೊನೆಯ ವಾರದಲ್ಲಿ ಟಿಕ್ ಹಾಕುವ ಪದ್ಧತಿಯ ಬಗ್ಗೆ ನನಗೆ ತೀವ್ರ ತಕರಾರಿದೆ. ಚಿತ್ರಕ್ಕೆ ಆಲ್ಟ್ ಪಠ್ಯ (ಚಿತ್ರದ ಬದಲಿಗೆ ಓದಿ ಹೇಳಲು ಕೋಡ್‌ನಲ್ಲಿ ಬರೆಯುವ ಮಾತು) ಇದೆಯೇ ಎಂದು ಸಾಫ್ಟ್‌ವೇರ್ ಹೇಳಬಲ್ಲದು. ಅದು ಸರಿಯಾಗಿದೆಯೇ ಎಂದು ತೀರ್ಮಾನಿಸಲು ಮನುಷ್ಯರೇ ಬೇಕು. ಹುಡುಕುವ ಬಟನ್ ಮೇಲಿನ ಭೂತಗನ್ನಡಿಗೆ "ಭೂತಗನ್ನಡಿ" ಎಂದು ಬರೆದರೆ ಪರೀಕ್ಷೆ ಪಾಸಾಗುತ್ತದೆ, ಆದರೆ ಕೇಳುವವರಿಗೆ ಬೇಕಾದದ್ದು "ಹುಡುಕಿ" ಎಂಬ ಪದ. ಬರೀ ಅಲಂಕಾರದ ಚಿತ್ರಕ್ಕಾದರೆ ಆಲ್ಟ್ ಅನ್ನು ಖಾಲಿ ಬಿಡುವುದೇ ಸರಿ, ಇಲ್ಲದಿದ್ದರೆ ಕೇಳುವವರ ಸಮಯ ವ್ಯರ್ಥ. ಇಂಥ ನಿರ್ಧಾರಗಳು ಪುಟ ರೂಪುಗೊಳ್ಳುವಾಗಲೇ ಆಗಬೇಕು. ಒಂದು ಸಾಲಿನ ಸ್ಕ್ರಿಪ್ಟ್ ಸೇರಿಸಿದರೆ ಎಲ್ಲವೂ ಸರಿಹೋಗುತ್ತದೆಂದು ಮಾರುವವರನ್ನು ನಾನು ನಂಬುವುದಿಲ್ಲ.

ಈಗ ನಾನು ಯಾವ ಪುಟವನ್ನಾದರೂ ಒಪ್ಪಿಸುವ ಮುನ್ನ ಮೌಸ್ ಬದಿಗಿಟ್ಟು ಮೊದಲಿನಿಂದ ಕೊನೆಯವರೆಗೆ ಕೀಬೋರ್ಡಿನಲ್ಲೇ ನಡೆದು, ಆಮೇಲೆ ಉಚಿತವಾಗಿ ಸಿಗುವ ಎನ್‌ವಿಡಿಎ ಎಂಬ ಸ್ಕ್ರೀನ್ ರೀಡರ್ ಹಾಕಿಕೊಂಡು, ಪರದೆ ಆರಿಸಿ ಕೇಳುತ್ತೇನೆ. ಆ ಫಾರ್ಮನ್ನು ತಿದ್ದಿ ಗೆಳೆಯನಿಗೆ ಮತ್ತೆ ಕೊಟ್ಟೆ. ಖಾನೆಗಳೆಲ್ಲ ತಮ್ಮ ಹೆಸರು ಹೇಳಿದವು, ಬಟನ್ ಸಿಕ್ಕಿತು. ಆದರೆ ಫೋನ್ ನಂಬರಿನಲ್ಲಿ ಒಂದು ಅಂಕಿ ಬಿಟ್ಟಾಗ ಕೆಂಪಕ್ಷರದಲ್ಲಿ ಮೂಡಿದ ಎಚ್ಚರಿಕೆ ಅವನಿಗೆ ಕೇಳಿಸಲೇ ಇಲ್ಲ. ಈ ವಾರ ಅದನ್ನು ಸರಿಪಡಿಸುತ್ತಿದ್ದೇನೆ.